ನಿಮ್ಮ ದನಿ ಇರುವ ಡ್ರೈವು

ಮನೆ,
ಹನ್ನೆರಡನೇ ತಾರೀಕು, ಬುಧವಾರ ಸಂಜೆ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ನುಂಗುವಾಗ ನೋವು ಸ್ವಲ್ಪವಾದರೂ ಕಡಿಮೆಯಾಯಿತೇ? ಡಾಕ್ಟರು ನಿಮಗೆ ಬಾಯಿ ಮುಚ್ಚಿಕೊಂಡಿರಿ ಎಂದಿದ್ದಾರಂತೆ. ಇಷ್ಟು ವರ್ಷ ನನ್ನ ಕೈಲಾಗದ್ದು ಅವರ ಕೈಲಾಯಿತು ನೋಡಿ. ಫೋನು ಮಾಡಿದರೆ ನೀವು ಎದುರುತ್ತರ ಕೊಡದೆ ಬಿಡುವವರಲ್ಲ, ಅದಕ್ಕೇ ಈ ಕಾಗದ. ಇವತ್ತು ರಾತ್ರಿ ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಇರುವ ಸರದಿ ಮಗಳದು, ಅವಳೇ ತಂದುಕೊಡುತ್ತಾಳೆ. ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಸರಿಹೋಗಿದೆ. ಹೇಗೆ ಸರಿಹೋಯಿತು ಎಂದು ಓದುವಾಗ ಮಾತ್ರ ನನ್ನ ಮೇಲೆ ರೇಗಬೇಡಿ, ತಪ್ಪಿನಲ್ಲಿ ಮುಕ್ಕಾಲು ಪಾಲು ನಿಮ್ಮದೇ.

ಧ್ವನಿಪೆಟ್ಟಿಗೆ ತೆಗೆಯದೆ ಗಡ್ಡೆ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನೀವು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿರಿ. ಹಳೆಯ ರೆಕಾರ್ಡಿಂಗ್ ಇದ್ದರೆ ಅದರಿಂದ ನಿಮ್ಮದೇ ದನಿಯಲ್ಲಿ ಮಾತಾಡುವ ಯಂತ್ರ ಮಾಡಿಕೊಡುತ್ತೇವೆ ಎಂದು ಅಲ್ಲಿಯ ಮಾತಿನ ಚಿಕಿತ್ಸೆಯಾಕೆ ಹೇಳಿದ ಮೇಲೆ ತಾನೇ ಈ ಕಡೆ ತಿರುಗಿದ್ದು? "ನನ್ನ ದನಿ ಉಳಿಯುತ್ತೆ ಅಂತ ಗ್ಯಾರಂಟಿ ಆಗ್ಲಿ, ಆಗ ಸಹಿ ಹಾಕ್ತೀನಿ. ಇಲ್ದಿದ್ರೆ ಆಪರೇಶನ್ನೇ ಬೇಡ" ಎಂದಿರಿ. ಅವತ್ತಿನಿಂದ ನನ್ನ ಜೀವವೆಲ್ಲ ಆ ಕಪ್ಪು ಡ್ರೈವಿನೊಳಗೇ ಇದೆ. ಗೋದಾಮಿನಲ್ಲಿ ರಾತ್ರಿ ಪಾಳಿಯಿದ್ದಾಗ ಮಗಳು ನಿದ್ದೆ ಮಾಡಲೆಂದು ನೀವು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ ಕಥೆಗಳೆಲ್ಲ ಇರುವುದು ಅದರಲ್ಲಿ.

ಚಿಕಿತ್ಸೆಯಾಕೆ ಎಲ್ಲವನ್ನೂ ಜೋಡಿಸಿ ಒಂದೇ ಉದ್ದದ ಫೈಲು ಮಾಡಿ ತನ್ನಿ ಎಂದಿದ್ದರು. ಫೋನು ಕಥೆಗಳನ್ನು ಒತ್ತಿ ಸಣ್ಣದು ಮಾಡಿಟ್ಟಿರುತ್ತದಂತೆ, ಬಿಚ್ಚಿ ಜೋಡಿಸಿದರೆ ಹತ್ತು ಪಟ್ಟು ಊದುತ್ತವಂತೆ. ನಮ್ಮ ಮುದಿ ಕಂಪ್ಯೂಟರಿನಲ್ಲಿ ಅಷ್ಟು ಜಾಗವೆಲ್ಲಿದೆ? ಮಗಳು ಡ್ರೈವಿನಲ್ಲೇ ಜೋಡಿಸಲು ಹೋದಳು. ಫೈಲು ತೀರಾ ದೊಡ್ಡದು, ಆಗುವುದಿಲ್ಲ ಎಂದಿತು. ಮುಕ್ಕಾಲು ಡ್ರೈವು ಖಾಲಿ, ಆದರೂ ಜಾಗವಿಲ್ಲವೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ಇವತ್ತು ಬೆಳಿಗ್ಗೆ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಕಂಪ್ಯೂಟರ್ ರಿಪೇರಿಯವಳ ಹತ್ತಿರ ಹೋದೆ. ಡ್ರೈವಿನ ಫಾರ್ಮ್ಯಾಟು, ಅಂದರೆ ಒಳಗೆ ಫೈಲು ಇಡುವ ಕ್ರಮ, ಹಳೇ ಕಾಲದ್ದು, ದೊಡ್ಡ ಫೈಲು ಹಿಡಿಯುವುದಿಲ್ಲ, ಹೊಸ ಕ್ರಮಕ್ಕೆ ಬದಲಾಯಿಸಬೇಕು ಎಂದಳು. ಒಳಗಿರುವುದನ್ನು ಹಾಗೇ ಇಟ್ಟುಕೊಂಡು ಬದಲಾಯಿಸಬಹುದು, ಅದು ನಿಧಾನ. ಪೂರ್ತಿ ಅಳಿಸಿ ಹೊಸದಾಗಿ ಮಾಡಿದರೆ ಕ್ಷಣದ ಕೆಲಸ, ಆಮೇಲೆ ಕಾಪಿಯಿಂದ ತುಂಬಿಕೊಳ್ಳಬಹುದು. ಕಾಪಿ ಇದೆಯಾ ಎಂದು ಕೇಳಿದಳು. ಓಹೋ, ಮನೆಯ ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂದು ಬೀಗುತ್ತ ಹೇಳಿದೆ. ಹಾಗಾದರೆ ಅಳಿಸಿಯೇ ಮಾಡುತ್ತೇನೆ, ಮಧ್ಯಾಹ್ನ ಬನ್ನಿ ಎಂದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡೆರಡು ಸಲ ಅಳೆಯುವ ನಾನು ತಲೆಯಾಡಿಸಿ ಬಂದುಬಿಟ್ಟೆ.

ಮನೆಗೆ ಬಂದು ಹೊಲಿಗೆಗೆ ಕೂತೆ, ಮನಸ್ಸು ನಿಲ್ಲಲಿಲ್ಲ. ನಿಮ್ಮ ದನಿ ಕೇಳಬೇಕೆನಿಸಿತು. ಹಾಗೆನಿಸಿದ್ದೇ ನಮ್ಮ ಪುಣ್ಯ. ಕಂಪ್ಯೂಟರಿನಲ್ಲಿ 'ಕಥೆಗಳು' ಎಂಬ ಫೋಲ್ಡರು ಒತ್ತಿದೆ. ತೆರೆಯಲಿಲ್ಲ. ಡ್ರೈವು ಸಿಕ್ಕಿಸಿಲ್ಲ ಎಂದಿತು. ಇನ್ನೊಮ್ಮೆ ಒತ್ತಿದೆ, ಅದೇ ಉತ್ತರ. ಆಗ ಹೊಳೆಯಿತು ನೋಡಿ ನಿಮ್ಮ ಗೋದಾಮಿನ ಬುದ್ಧಿ! ಒಂದು ಸಾಮಾನಿಗೆ ಒಂದೇ ಜಾಗ, ಬೇರೆ ಕಡೆ ಅದು ಎಲ್ಲಿದೆ ಎಂಬ ಚೀಟಿ ಮಾತ್ರ. ಎರಡು ಕಡೆ ಇಟ್ಟರೆ ಲೆಕ್ಕ ತಪ್ಪುತ್ತದೆ ಎಂದು ಅಡುಗೆಮನೆಯ ಡಬ್ಬಿಗಳಿಗೂ ನೀವು ಇದೇ ಕಾನೂನು ಹಾಕಿದವರಲ್ಲವೇ? ಕಂಪ್ಯೂಟರಿನಲ್ಲೂ ಕಥೆಗಳು ಡ್ರೈವಿನಲ್ಲಿವೆ ಎಂಬ ಚೀಟಿ ಅಂಟಿಸಿ ಸುಮ್ಮನಾಗಿದ್ದೀರಿ. ನಾನು ಆ ಚೀಟಿಯನ್ನೇ ಕಾಪಿ ಎಂದುಕೊಂಡಿದ್ದೆ.

ರಿಪೇರಿಯವಳಿಗೆ ಫೋನು ಹಚ್ಚಿದರೆ ಬರೀ ಬ್ಯುಸಿ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ತಿಳಿಯದು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಓಡಿದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಅಂಗಡಿಯ ಮೆಟ್ಟಿಲು ಎರಡೆರಡಾಗಿ ಹತ್ತಿದೆ. ಒಳಗೆ ಅವಳು ಯಾರೋ ಗಿರಾಕಿಯ ಜೊತೆ ಫೋನಿನಲ್ಲಿ ವಾದಿಸುತ್ತಿದ್ದಳು. ಮುಂದೆ ನಮ್ಮ ಡ್ರೈವು, ಪರದೆಯ ಮೇಲೆ ಎಲ್ಲ ಅಳಿಸಲೇ ಎಂಬ ಪ್ರಶ್ನೆ, ಅವಳ ಕೈ ಮೌಸಿನ ಮೇಲೆ. ಮಾತಾಡಲು ಉಸಿರಿಲ್ಲದೆ ಆ ಕೈ ಹಿಡಿದುಕೊಂಡುಬಿಟ್ಟೆ.

"ಒತ್ತಬೇಡಮ್ಮಾ. ಕಾಪಿ ಇಲ್ಲ. ಇದೊಂದೇ ಇರೋದು."

ಅವಳು ಗಿರಾಕಿಯ ಫೋನು ಇಟ್ಟು, ಬೆವರೊರೆಸಿಕೊಂಡು, ನನಗೆ ಚೆನ್ನಾಗಿ ಬೈದಳು. ಬೈಸಿಕೊಂಡೆ. ಆಮೇಲೆ ತನ್ನ ಡಿಸ್ಕಿಗೆ ಒಂದು ಕಾಪಿ ಮಾಡಿ, ಅಲ್ಲೊಂದು ಇಲ್ಲೊಂದು ಕಥೆ ತೆರೆದು ನೋಡಿ, ಅಳಿಸದೆ ಬದಲಾಯಿಸುವ ಕೆಲಸ ಶುರುಮಾಡಿದಳು. ಕರೀ ಪರದೆಯ ಮೇಲೆ ಬಿಳಿ ಸಾಲುಗಳು ಒಂದೊಂದೇ ಬಂದವು. ನಡುವೆ ಒಮ್ಮೆ ನಿಂತೇಬಿಟ್ಟಿತು. ಈಗ ವೈರು ಅಲುಗಾಡಿದರೂ ಕೆಡುತ್ತದೆ ಎಂದಳು, ನಾನು ಕುರ್ಚಿ ಸರಿಸಲೂ ಹೆದರಿ ನಿಂತೇ ಇದ್ದೆ. ಕೊನೆಗೆ ಮುಗಿಯಿತು. ಒಂದು ಕಥೆ ಒತ್ತಿದಳು. ನೀವು ಕೆಮ್ಮಿ, "ನಿನ್ನೆ ಎಲ್ಲಿಗೆ ನಿಲ್ಸಿದ್ದೆ ಪುಟ್ಟೀ?" ಎಂದಿರಿ. ಅಪರಿಚಿತರ ಅಂಗಡಿಯಲ್ಲಿ ಮಗುವಿನ ಹಾಗೆ ಅತ್ತುಬಿಟ್ಟೆ ಕಣ್ರೀ.

ಸಂಜೆ ಮಗಳು ಎಲ್ಲ ಜೋಡಿಸಿದಳು, ಡ್ರೈವು ತಕರಾರಿಲ್ಲದೆ ನುಂಗಿತು. ಕಾಪಿ ಈಗ ಮೂರು ಕಡೆ ಇದೆ, ನಿಮ್ಮ ಲೆಕ್ಕ ತಪ್ಪಿದರೆ ತಪ್ಪಲಿ. ರಾತ್ರಿ ಹೊದ್ದುಕೊಂಡು ಮಲಗಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಜಗಳಗಂಟಿ

ಇನ್ನೊಂದು ಮಾತು: ಇದನ್ನು ಬರೆಯಬಾರದೆಂದೇ ಇದ್ದೆ, ಆದರೆ ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ, ಈಗಲೇ ಹೇಳಿಬಿಡುತ್ತೇನೆ. ಆ ಮೆಟ್ಟಿಲು ಹತ್ತುವಾಗಲೇ ತೀರ್ಮಾನ ಮಾಡಿದ್ದೆ. ಎಲ್ಲ ಅಳಿಸಿಹೋಗಿದ್ದರೂ ನಿಮಗೆ ಇದೇ ರೀತಿ, ಎಲ್ಲ ಸರಿಹೋಗಿದೆ ಎಂದೇ ಬರೆಯುತ್ತಿದ್ದೆ. ಸುಳ್ಳು ಹೇಳಿಯಾದರೂ ಸಹಿ ಹಾಕಿಸುತ್ತಿದ್ದೆ. ನಿಮ್ಮ ದನಿ ಇಲ್ಲದೆ ಹೇಗೋ ಬದುಕಿಯೇನು, ನೀವಿಲ್ಲದೆ ನನ್ನಿಂದಾಗದು. ಈಗ ಈ ಕಾಗದವೇ ಸುಳ್ಳಿರಬಹುದೆಂದು ನಿಮಗೆ ಅನುಮಾನ ಬರುತ್ತದೆ, ಬರಲಿ. ಡ್ರೈವು ಮಗಳ ಚೀಲದಲ್ಲಿದೆ. ಕೇಳಬೇಕೆನಿಸಿದರೆ ಕೇಳಿ. ಆದರೆ ಮೊದಲು ಸಹಿ ಹಾಕಿ, ಆಮೇಲೆ ಕೇಳಿ.