ಹೊಕ್ಕುಳ ಮೇಲಿನ ಗೆರೆ

4-3-61, ಬೆಳಿಗ್ಗೆ. ತುಮಕೂರು ಆಸ್ಪತ್ರೆ

ಗಂಜಿ ಆಯಿತು. ಪೇಪರ್ ಓದಿದೆ, ನಿನ್ನೆಯದು. ಗುಬ್ಬಿಯಲ್ಲಿ ಪೇಪರ್ ಹಂಚುವುದನ್ನು ತಮ್ಮ ರುದ್ರಯ್ಯ ನೋಡಿಕೊಳ್ಳುತ್ತಿದ್ದಾನೆ. ಚೇಳೂರಿನಲ್ಲಿ ಬಸ್ಸಿನ ಟಾಪ್‌ನಿಂದ ಬಂಡಲ್ ಇಳಿಸುವಾಗ ಬಿದ್ದು ಮೂರು ವಾರ. ನೋವಿಲ್ಲ. ಕೆಳಗೆ ಏನೂ ಇಲ್ಲ.

ಡಾಕ್ಟರ್ ಪಟ್ಟಾಭಿರಾಮ್ ರೌಂಡ್ಸಿಗೆ ಬಂದರು.

"ಪೆಟ್ಟು ಬಿದ್ದಿದ್ದು ಬೆನ್ನಿಗೆ. ಕಾಲು ಯಾಕೆ ಹೋಯ್ತು ಸಾರ್?"

ಪೇಪರಿನ ಅಂಚಿನಲ್ಲೇ ಬರೆದು ತೋರಿಸಿದರು. ಬೆನ್ನೆಲುಬು ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ ಏಳು ಮಣಿ, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು. ಕೆಳಗಿನವು ಕೂಡಿಕೊಂಡಿವೆ. ಒಳಗೆ ನರದ ಹುರಿ. ನನ್ನದು ಎದೆಯ ಒಂಬತ್ತನೆಯ ಮಣಿ ಕುಸಿದು ಹುರಿ ನಲುಗಿದೆ. ಅಲ್ಲಿಂದ ಕೆಳಗಿನ ಸುದ್ದಿ ಮೇಲೆ ಬರುವುದಿಲ್ಲ.

ಸ್ಪರ್ಶ ನಿಲ್ಲುವಲ್ಲಿ ಪೆನ್ಸಿಲ್ ಗೆರೆ ಎಳೆದರು. ಹೊಕ್ಕುಳ ಮೇಲೆ. ನನ್ನ ಹೆಂಡತಿ ಸರ್ವಮಂಗಳಳ ಕೈಗೆ ಪಿನ್ನು ಕೊಟ್ಟರು.

"ದಿನಾ ಕಣ್ಣು ಮುಚ್ಚಿಸಿ ಚುಚ್ಚಿ ನೋಡಮ್ಮ, ಗೊತ್ತಾದ್ರೆ ಹೂಂ ಅನ್ಲಿ. ಎರಡು ವಾರದಲ್ಲಿ ಗೆರೆ ತೊಡೆಗೆ ಇಳಿದ್ರೆ ಬೆಂಗಳೂರಿಗೆ ಕಳಿಸ್ತೀನಿ. ಇಲ್ದಿದ್ರೆ ಮನೆಗೆ ಕರ್ಕೊಂಡ್ ಹೋಗಿ."

8-3-61

ಕಣ್ಣ ಮೇಲೆ ಟವೆಲ್. ಬಳೆ ಸದ್ದು, ಚುಚ್ಚು. ಹೂಂ. ಬಳೆ ಸದ್ದು... ಹೂಂ. ಗೆರೆ ಹೊಕ್ಕುಳ ಕೆಳಗೆ ಬಂತು.

"ಸುಳ್ಳಲ್ಲ ತಾನೇ?"

"ನಿನ್ ಹತ್ರ ಸುಳ್ಳು ಹೇಳಿ ಯಾವತ್ತು ದಕ್ಕಿಸ್ಕೊಂಡಿದೀನೇ?"

ನಕ್ಕಳು. ನಾನು ಬಿದ್ದ ಮೇಲೆ ಮೊದಲ ಸಲ.

13-3-61

ಗೆರೆ ತೊಡೆಯ ಬುಡಕ್ಕೆ. ಪಕ್ಕದ ಮಂಚದ ಮಹಾಲಿಂಗಯ್ಯ, ಕುಣಿಗಲ್ ಕಡೆಯವರು: "ಏನ್ಲಾ ಪೇಪರಿನೋನೆ, ಬಸವ ಜಯಂತಿಗೆ ಸೈಕಲ್ ತುಳೀತೀಯ ಬುಡು!"

ಬೆಂಗಳೂರಿಗೆ ಟ್ರಂಕು ಸಿದ್ಧ ಮಾಡುತ್ತಿದ್ದಾಳೆ.

18-3-61, ಮಧ್ಯಾಹ್ನ

ಸರ್ವಮಂಗಳ ಡಾಕ್ಟರಿಗೆ ಗೆರೆ ತೋರಿಸಿದಳು. ಇವತ್ತು ನರ್ಸ್ ಚುಚ್ಚಲಿ ಎಂದರು. ಟವೆಲ್. ಕಾದೆ. ಬಳೆ ಸದ್ದು. ಹೂಂ ಎಂದೆ.

"ನಾನಿನ್ನೂ ಮುಟ್ಟೇ ಇಲ್ಲ," ಎಂದಳು ನರ್ಸ್. ಟವೆಲ್ ಸರಿಸಿದೆ. ಅವಳ ಕೈಯಲ್ಲಿ ಬಳೆ ಇರಲಿಲ್ಲ.

ಸರ್ವಮಂಗಳ ಮಂಚದ ಕಾಲ ಬಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕೈ ಹಾಗೇ ನಿಂತಿತು.

ಮತ್ತೆ ಟವೆಲ್. ಸದ್ದಿಲ್ಲ. ಬಹಳ ಹೊತ್ತು ಕಾದೆ.

"ಶುರು ಮಾಡಿ ಸಿಸ್ಟರ್."

"ಮುಗೀತು," ಎಂದರು ಡಾಕ್ಟರ್.

ಹೊಸ ಗೆರೆ ಹೊಕ್ಕುಳ ಮೇಲೆ, ಮೊದಲ ದಿನದ ಗೆರೆ ಇದ್ದಲ್ಲೇ ಬಿತ್ತು.

ಅದೇ ದಿನ, ಸಂಜೆ

ನಾಳೆ ಗುಬ್ಬಿಗೆ. ಕಾರು ರುದ್ರಯ್ಯ ತರುತ್ತಾನೆ. ಸರ್ವಮಂಗಳ ಮಂಚದ ಮೇಲೆ ಕೂತಿದ್ದಾಳೆ. ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದನ್ನು ಒತ್ತಿ ಹಿಡಿದಿದ್ದಾಳೆ.

"ಬಿಡೇ, ಸದ್ದಾಗ್ಲಿ."

ಬಿಡಲಿಲ್ಲ. ಎರಡೂ ಕೈ ನನ್ನ ಮೊಣಕಾಲ ಮೇಲಿವೆ. ಕಣ್ಣಿಗೆ ಕಂಡಿತು, ಅದಕ್ಕೆ ಬರೆದೆ. ಇಲ್ಲದಿದ್ದರೆ—