ಎರಡನೆಯ ಸಲಕ್ಕಾಗಿ ಕಾದ ಕಿವಿ

ಹೊನ್ನಾವರ ತೇಲುಬಂದರು,
೨೧೭೮, ಫೆಬ್ರವರಿ ಮೂವತ್ತು.

ಇಂಗ್ಲಿಷ್ ಕಲಿಯುವವರಿಗಾಗಿ ಪಾಡ್‌ಕಾಸ್ಟ್ ಮಾಡುತ್ತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು; ನಯವಾಗಿ ಬರೆಯಲು ಬರುವುದಿಲ್ಲ, ಇವತ್ತು ಮನಸ್ಸೂ ಇಲ್ಲ.

ನೂರೈವತ್ತು ವರ್ಷ ಕಳೆದರೂ ನಿಮ್ಮ ಪಾಡ್‌ಕಾಸ್ಟುಗಳು ಇನ್ನೂ ಬದುಕಿವೆ. ನಮ್ಮ ಕಿವಿಮನೆಯಲ್ಲಿ, ಅಂದರೆ ಇಂಗ್ಲಿಷ್ ಕೇಳಿಸಿಕೊಳ್ಳುವುದನ್ನಷ್ಟೇ ಕಲಿಸುವ ಶಾಲೆಯಲ್ಲಿ, ಅವೇ ಪಾಠ. ಹತ್ತಿ ತುಂಬಿದ ಗೋಡೆಗಳ ನಡುವೆ ಮಕ್ಕಳು ಕಣ್ಣು ಮುಚ್ಚಿ ಕೂರುತ್ತಾರೆ. ನಿಮ್ಮ ಕಾಲದ ಗಂಡಸೊಬ್ಬ ಹೋಟೆಲಿನಲ್ಲಿ ಸೂಪ್ ಕೇಳುತ್ತಾನೆ. ಆ ಹೋಟೆಲಿನಲ್ಲಿ ಒಂದು ಲೋಟದ ಸದ್ದೂ ಇಲ್ಲ. ಕೆಮ್ಮುವವರಿಲ್ಲ, ನಡುವೆ ಬಾಯಿ ಹಾಕುವವರಿಲ್ಲ. ಆಮೇಲೆ ಹೆಂಗಸೊಬ್ಬಳು, ಈಗ ಇನ್ನೊಮ್ಮೆ ನಿಧಾನವಾಗಿ ಕೇಳೋಣ ಎನ್ನುತ್ತಾಳೆ. ಹಾಗಾಗಿ ಮೊದಲ ಸಲ ಯಾರೂ ಗಮನ ಕೊಡುವುದಿಲ್ಲ.

“ಸಾರ್, ಈ ಜನ ಜಗಳ ಆಡೂದೇ ಇಲ್ವಾ?” ಎಂದು ಅಲ್ಲಿ ಕಲಿಯುವಾಗ ನಾನು ಮೇಷ್ಟ್ರನ್ನು ಕೇಳಿದ್ದೆ.

“ಜಗಳ ಬೇಕಾದ್ರೆ ಮೀನುಪೇಟೆಗೆ ಹೋಗೇ.”

ಹೋದೆ. ಪರದೇಶದ ನಾವಿಕರ ಜೊತೆ ಚೌಕಾಸಿ ಮಾಡಿ ಅರ್ಧಂಬರ್ಧ ಇಂಗ್ಲಿಷ್ ಕಲಿತೆ. ಏನಂದೆ ಎಂದು ತಿರುಗಿ ಕೇಳುವುದನ್ನಂತೂ ಕಲಿತೆ.

ನನ್ನ ಅಕ್ಕ ಮಂಕಾಳಿ ಕಿವಿಮನೆಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಬಂದರಿನ ಕರೆಗೂಡಿನಲ್ಲಿ ಕುಳಿತು, ರೇಡಿಯೋದಲ್ಲಿ ಕರೆಯುವ ಹಡಗುಗಳಿಗೆ ಅಳಿವೆಯ ದಾರಿ ಹೇಳುವುದು ಅವಳ ಕೆಲಸ. ಮೊನ್ನೆ ಬಿರುಗಾಳಿಯಲ್ಲಿ ಘಾನಾದ ಹಡಗೊಂದು ಕರೆಯಿತು. ಎಂಜಿನ್ನಿನ ಅಬ್ಬರದ ನಡುವೆ ನಾವಿಕ, ಚುಕ್ಕಾಣಿ ಕೆಟ್ಟಿದೆ, ದೋಣಿ ಕಳಿಸಿ ಎಂದು ಒಂದೇ ಉಸಿರಿಗೆ ಹೇಳಿದ. ಅಕ್ಕನಿಗೆ ತಿಳಿಯಲಿಲ್ಲ. ಅವನು ನಿಧಾನವಾಗಿ ಇನ್ನೊಮ್ಮೆ ಹೇಳುತ್ತಾನೆಂದು ಸುಮ್ಮನೆ ಕಾದಳು. ಹಡಗು ಮರಳುದಿಬ್ಬಕ್ಕೆ ಬಡಿಯಿತು. ಇಬ್ಬರು ಸತ್ತರು.

“ಕೇಳ್ಸಲಿಲ್ಲ ಅನ್ಬೇಕಿತ್ತಲ್ಲೇ!” ಎಂದು ಕಿರುಚಿದೆ.

“ಯಾರ ಹತ್ರ ಅನ್ನೂದೇ? ಪಾಡ್‌ಕಾಸ್ಟಿಗೆ ಯಾರಾದ್ರೂ ತಿರುಗಿ ಕೇಳೂದು ಉಂಟಾ?”

ಪಾಠ ಸರಿಯಿದೆ, ಹುಡುಗಿಯ ಕಿವಿಯೇ ಮಂದ ಎನ್ನುತ್ತಿದ್ದಾರೆ ಕಿವಿಮನೆಯವರು. ನಾಳೆ ವಿಚಾರಣೆ. ಅದೇ ತೀರ್ಪಾದರೆ ಅಕ್ಕನಿಗೆ ಇನ್ನು ಯಾವ ಬಂದರಿನಲ್ಲೂ ಕೆಲಸವಿಲ್ಲ. ಆ ಸಾವುಗಳಲ್ಲಿ ಅವಳ ತಪ್ಪಿಲ್ಲ ಎಂದು ನಾನು ಹೇಳಲಾರೆ. ಅವಳೊಬ್ಬಳದೇ ಅಲ್ಲ ಎಂದು ಅಲ್ಲಿ ನಿಂತು ಕೂಗುತ್ತೇನೆ.

ನೀವು ಇಷ್ಟು ಮಾಡಿ. ಆ ಹೋಟೆಲಿನಲ್ಲಿ ಲೋಟ ಬೀಳಲಿ. ಘಾನಾದವನೂ ಮಾತಾಡಲಿ, ಇಬ್ಬರು ಒಟ್ಟಿಗೇ ಮಾತಾಡಲಿ. ಒಂದೇ ಸಲ ಹೇಳಿ ನಿಲ್ಲಿಸಿ. ಆಮೇಲೆ ಒಂದಿಷ್ಟು ಹೊತ್ತು ಸುಮ್ಮನಿರಿ, ಕೇಳುತ್ತಿರುವ ಹುಡುಗಿ ಬಾಯಿ ತೆರೆಯುವವರೆಗೆ.

ತುಳಸು ಅಂಬಿಗ