ಕನ್ನಡದಲ್ಲಿ ಎರಡು ಮಾತು

ಪಿಸ್ಕಾಟವೇ
೧೧ ಫೆಬ್ರವರಿ ೨೦೨೫

ಚಿರಂಜೀವಿ ಶಶಿಧರನಿಗೆ,

ನಾನು ನಿನ್ನ ದೊಡ್ಡಕ್ಕ ರಮಾಮಣಿ. ಅಪ್ಪ ಹೋದಮೇಲೆ ನಿಮ್ಮನ್ನೆಲ್ಲ ದಡ ಹತ್ತಿಸಿದವಳು. ಈ ಮನೆಯಲ್ಲೂ ನನ್ನನ್ನು ಕೇಳದೆ ಒಂದು ಕೆಲಸ ನಡೆಯುವುದಿಲ್ಲ. ಇದನ್ನು ನೆನಪಿಸಬೇಕಾಯಿತು, ಏಕೆಂದರೆ ಮೊನ್ನೆ ಫೋನಿನಲ್ಲಿ ನೀನು ನನಗೆ ಬುದ್ಧಿ ಹೇಳಿದೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಸರಪಡಬೇಡ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ.

ಆ ದೇಶದ ಗಣಿಗಳಲ್ಲಿ ರಾಜಕೀಯ ಕೈದಿಗಳನ್ನು ಸಾಯುವ ತನಕ ದುಡಿಸುತ್ತಾರೆಂದು ನನ್ನ ಮಗ ಕಶ್ಯಪ ಇಲ್ಲಿ ಕೂತು ಬರೆದ. ಸಮ್ಮೇಳನಕ್ಕೆಂದು ಅಲ್ಲಿಗೆ ಹೋದವನನ್ನು ಹಿಡಿದು ಅದೇ ಗಣಿಗೆ ಹಾಕಿದರು. ಅವನ ಬಂಧನ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು, ನಾನು ಕೊಟ್ಟ ದೂರಿನ ಮೇಲೆ ಜಿನೀವಾದ ಮಾನವ ಹಕ್ಕುಗಳ ಸಮಿತಿಯವರು ಹೇಳಿ ವರ್ಷವಾಯಿತು. "ಲಾ ನಮ್ಮ ಕಡೆಗಿದೆ, ಆಂಟಿ" ಎಂದ ಲಾಯರ್ ಅತುಲ್.

"ಮಗ ಅವರ ಕಡೆಗಿದ್ದಾನಲ್ಲಪ್ಪ" ಎಂದೆ.

ಈಗ ಆ ದೇಶದ ಸರ್ಕಾರದಿಂದ ಒಂದು ಕಾಗದ ಬಂದಿದೆ. ನಾನು ದೂರನ್ನು ಹಿಂದಕ್ಕೆ ಪಡೆದು, ಮಗನಿಗೆ ಯಾವ ಹಿಂಸೆಯೂ ಆಗಿಲ್ಲವೆಂದು ಸಹಿ ಹಾಕಿದರೆ, ಬಿಡುವುದನ್ನು 'ಪರಿಶೀಲಿಸುತ್ತಾರಂತೆ'. ಹಾಗೆ ಸಹಿ ಹಾಕಿದ ಮನೆಗಳಿಗೆ ಯಾರೂ ವಾಪಸ್ ಬಂದಿಲ್ಲ, ಆಮೇಲೆ ಅಂಥವನು ನಮ್ಮಲ್ಲಿರಲೇ ಇಲ್ಲ ಎನ್ನುತ್ತಾರೆ ಎಂದು ಅತುಲ್ ತಲೆ ತಗ್ಗಿಸಿ ಹೇಳಿದ. ಸೊಸೆ ಗಾರ್ಗಿ ಕೇಳಬೇಕಲ್ಲ. "ಅತ್ತೆ, ಪ್ಲೀಸ್, ಸೈನ್ ಮಾಡಿಬಿಡಿ. ನಿಮ್ಮ ಹಟಕ್ಕೆ ಅವನು ಸಾಯಬೇಕಾ?" ಎಂದಳು. ನೀನೂ ಅದನ್ನೇ ಅಂದೆ.

ಕಾಗದದ ಜೊತೆ ಕಶ್ಯಪನ ಒಂದು ವಿಡಿಯೋ. ಕೆನ್ನೆ ಒಳಗೆ ಹೋಗಿದೆ, ಉಗುರು ಕಪ್ಪಾಗಿದೆ. ಚೆನ್ನಾಗಿದ್ದೇನೆ ಎಂದು ಇಂಗ್ಲಿಷಿನಲ್ಲಿ ಓದಿದ. ಕೊನೆಗೆ ಕನ್ನಡದಲ್ಲಿ ಎರಡು ಮಾತು. ಅತುಲನ ಆಫೀಸಿನವರು ಅದಕ್ಕೆ 'ಬೈ, ಅಮ್ಮ' ಎಂದು ಅರ್ಥ ಬರೆದುಕೊಂಡಿದ್ದಾರೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮನೆಯವರೆಲ್ಲ ಒಂದೇ ಸೂರಿನ ಕೆಳಗೆ ನೂರು ಕಾಲ ಬಾಳಿ.

ನಿನ್ನ ಅಕ್ಕ,
ರಮಾಮಣಿ

ತಾ. ಕ.: ಅವನು ಬೈ ಅನ್ನಲಿಲ್ಲ, ಶಶಿ. ನಮ್ಮ ಮನೆಯಲ್ಲಿ ಸೊಪ್ಪು ತರಲು ಹೊರಟವರೂ 'ಬರ್ತೀನಿ' ಅನ್ನಬೇಕಿತ್ತು. ಬಾಯಿತಪ್ಪಿ 'ಹೋಗ್ತೀನಿ' ಎಂದರೆ ಅಮ್ಮ ಒಳಗೆ ಕರೆದು ಕೂರಿಸಿ ಆಮೇಲೆ ಕಳಿಸುತ್ತಿದ್ದಳು. ಕಶ್ಯಪನನ್ನೂ ನಾನು ಹಾಗೇ ಬೆಳೆಸಿದೆ. ಒಂದು ದಿನವೂ ಅವನ ಬಾಯಿ ತಪ್ಪಿದ್ದಿಲ್ಲ. ಅವನು ನೆಟ್ಟಗೆ ನನ್ನನ್ನೇ ನೋಡಿ, "ಹೋಗ್ತೀನಿ, ಅಮ್ಮ" ಎಂದ.

ಈ ಪರದೇಶದಲ್ಲೇ ಹುಟ್ಟಿ ಬೆಳೆದ ಗಾರ್ಗಿಗೆ ಎರಡೂ ಒಂದೇ. "ಬೈ ಹೇಳಿದ, ಅಲ್ವಾ ಅತ್ತೆ?" ಎಂದಳು. ಹೂಂ ಎಂದೆ.

ನಿನ್ನೆ ಅವಳು ಕೆಲಸಕ್ಕೆ ಹೋದಮೇಲೆ ಅತುಲನನ್ನು ಕರೆಸಿ, ಆ ಕಾಗದವನ್ನು ಸಹಿಯಿಲ್ಲದೆ ವಾಪಸ್ ಕಳಿಸಿದೆ. ನನ್ನ ಮಗ ಅಲ್ಲಿದ್ದಾನೆ ಎಂಬ ದೂರು ನನ್ನ ಹೆಸರಿನಲ್ಲೇ ಇದೆ.